ಇಬ್ಬರು ಗಂಗಮ್ಮಂದಿರು, ಒಂದೇ ಕಾಗದ

ನೆನಪಿಲ್ಲ ಎಂದು ನಾನು ನಿನಗೆ ಹೇಳಿದ್ದು ಸುಳ್ಳು, ಗಂಗಮ್ಮ. ನನಗೆ ನೆನಪಿತ್ತು. ನೀನು ಅರ್ಜಿಗಳನ್ನು ತೆಗೆದದ್ದು ಹಸಿರು ವೈರ್ ಬ್ಯಾಗಿನಿಂದ, ಅದರ ಒಂದು ಹಿಡಿ ಕಿತ್ತುಹೋಗಿ ಸೀರೆಯಂಚಿನ ಚೂರು ಸುತ್ತಿದ್ದೆ — ಅಷ್ಟೂ ನೆನಪಿತ್ತು. ಎರಡು ಅರ್ಜಿ ಕೊಟ್ಟೆ. ಒಂದು ನಿನ್ನದು, ಒಂದು ನಿನ್ನ ಅಕ್ಕನದು. ಎರಡನ್ನೂ ನಾನೇ ಕೈಯಾರೆ ತೆಗೆದುಕೊಂಡೆ. ಆಮೇಲೆ ಒಂದು ದಿನ, ನಿನ್ನ ಅಕ್ಕನ ಎದುರಿಗೇ, ನೆನಪಿಲ್ಲ ಅಂದೆ.

ಏಕವಚನದಲ್ಲಿ ಮಾತಾಡಿಸುವ ಸಲಿಗೆ ನನಗಿಲ್ಲ, ಗೊತ್ತು. ಆದರೆ ಇಷ್ಟು ವರ್ಷ ಮನಸ್ಸಿನಲ್ಲಿ ನಿನ್ನ ಜೊತೆ ಹೀಗೇ ಮಾತಾಡಿಕೊಂಡು ಬಂದಿದ್ದೇನೆ. ಈಗ ಬಹುವಚನ ಹಾಕಿದರೆ ಮತ್ತೆ ಆ ಕೌಂಟರಿನ ಹಿಂದೆ ಹೋಗಿ ನಿಂತಹಾಗೆ ಆಗುತ್ತದೆ.

ನಿನಗೆ ನಾನು ಬರೀ ಕಂಪ್ಯೂಟರ್ ಸೆಂಟರಿನ ಮೇಡಂ. ನನ್ನ ಹೆಸರು ಕೆಂಪಮ್ಮ, ಹುಟ್ಟಿದ್ದು ಕುಣಿಗಲ್ ಕಡೆ. ಮದುವೆಗೆ ಮುಂಚೆ, ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ಬೆಂಗಳೂರಿನ ಒಂದು ಆಫೀಸಿನಲ್ಲಿ ನನಗೆ ವೆರಿಫೈಯರ್ ಕೆಲಸ. ಆಗ ಕಂಪ್ಯೂಟರ್ ಓದುತ್ತಿದ್ದದ್ದು ರಟ್ಟಿನ ಕಾರ್ಡಿನ ತೂತುಗಳನ್ನು. ಒಬ್ಬ ಹುಡುಗಿ ಮಿಷನ್ನಿನಲ್ಲಿ ಕಾರ್ಡಿಗೆ ತೂತು ಹೊಡೆದು ಕೊಡುತ್ತಿದ್ದಳು. ಅದೇ ಕಾರ್ಡನ್ನು ಇನ್ನೊಂದು ಮಿಷನ್ನಿಗೆ ಹಾಕಿ, ಅದೇ ಅಕ್ಷರಗಳನ್ನು ನಾನು ಮತ್ತೆ ಒತ್ತುತ್ತಿದ್ದೆ. ಇಬ್ಬರದೂ ತಾಳೆಯಾದರೆ ಕಾರ್ಡಿನ ಅಂಚಿಗೆ ಒಂದು ಸಣ್ಣ ಕಚ್ಚು ಬೀಳುತ್ತಿತ್ತು. ಆಗದಿದ್ದರೆ ಕೆಂಪು ದೀಪ ಹೊತ್ತಿಕೊಂಡು ಮಿಷನ್ನು ಅಲ್ಲಿಗೇ ನಿಂತುಬಿಡುತ್ತಿತ್ತು. ನಾನು ಬೇಡವೆಂದರೂ ನಿಲ್ಲುತ್ತಿತ್ತು. ಅದರ ಬೆಲೆ ನನಗೆ ಆಗ ಗೊತ್ತಾಗಲಿಲ್ಲ.

ಮದುವೆಯಾಗಿ ತುಮಕೂರಿಗೆ ಬಂದೆ, ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ. ಎಂಬತ್ತರ ದಶಕದ ನಡುವಿನಲ್ಲಿ ಜಯಣ್ಣ ಎಂಬುವರು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ಸೆಂಟರ್ ತೆರೆದರು. ಕಾರ್ಖಾನೆಗಳ, ಶಾಲೆಗಳ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವ ಕೆಲಸ. ನನ್ನ ಹಳೆಯ ಅನುಭವ ಕೇಳಿ ಸೇರಿಸಿಕೊಂಡರು. ಆದರೆ ನಾನು ಕಲಿತಿದ್ದ ಕೆಲಸ ಅಲ್ಲಿಗೆ ಬರುವ ಮುಂಚೆಯೇ ಸತ್ತುಹೋಗಿತ್ತು — ಕಾರ್ಡೂ ಇಲ್ಲ, ಕಚ್ಚೂ ಇಲ್ಲ, ಕೆಂಪು ದೀಪವೂ ಇಲ್ಲ. ಹುಡುಗಿಯರು ನೇರವಾಗಿ ಪರದೆ ನೋಡಿ ಟೈಪು ಮಾಡುತ್ತಿದ್ದರು. ನನ್ನನ್ನು ಏನು ಮಾಡುವುದು? ಜಯಣ್ಣನವರು ಯೋಚನೆ ಮಾಡಿ, ಅರ್ಜಿ ತೆಗೆದುಕೊಳ್ಳುವ ಕೌಂಟರಿನಲ್ಲಿ ಕೂರಿಸಿದರು. ಉಳಿದ ಹೊತ್ತಿನಲ್ಲಿ, ಪ್ರಸಾದ್ ಬರೆದ ಪ್ರೋಗ್ರಾಮು ಸರಿಯಾಗಿ ಓಡುತ್ತದೆಯೇ ಎಂದು ಮೊದಲೇ ನೋಡಿ ಸಹಿ ಹಾಕುವ ಕೆಲಸ. ಪ್ರಸಾದ್ ಬೆಂಗಳೂರಿನಿಂದ ರೈಲಿನಲ್ಲಿ ಬಂದುಹೋಗುತ್ತಿದ್ದ ಇಂಜಿನಿಯರ್ ಹುಡುಗ. ಈಗ ಈ ಕೆಲಸಕ್ಕೆ ಟೆಸ್ಟಿಂಗ್ ಎಂಬ ಹೆಸರಿದೆ, ಅದನ್ನೇ ಓದಿಕೊಂಡು ಬರುವವರಿದ್ದಾರೆ. ಆಗ ಅದಕ್ಕೆ ಹೆಸರೇ ಇರಲಿಲ್ಲ. "ಚೆಕಿಂಗ್" ಅನ್ನುತ್ತಿದ್ದರು, ಬಸ್ಸಿನಲ್ಲಿ ಟಿಕೆಟ್ ನೋಡುವವರಿಗೆ ಅಂದಹಾಗೆ.

ಆ ಕೆಲಸ ನನಗೆ ಹೇಳಿಮಾಡಿಸಿದ್ದು. ನಾನು ಬೀಗ ಹಾಕಿ ಮೂರು ಸಲ ಎಳೆದು ನೋಡುವ ಹೆಂಗಸು. ಹಾಲು ಉಕ್ಕುವ ಮುಂಚೆಯೇ ನನ್ನ ಎದೆ ಉಕ್ಕುತ್ತದೆ ಎಂದು ಮನೆಯಲ್ಲಿ ನಗುತ್ತಾರೆ. ಪ್ರೋಗ್ರಾಮು ಪರೀಕ್ಷೆ ಮಾಡುವುದು ಹೇಗೆಂದು ಯಾರೂ ಕಲಿಸಲಿಲ್ಲ. ನಾನೇ ಒಂದು ದಾರಿ ಮಾಡಿಕೊಂಡೆ. ಇಪ್ಪತ್ತು ಸುಳ್ಳು ಅರ್ಜಿ ಬರೆಯುವುದು, ಒಳಗೆ ಹಾಕುವುದು, ಹೊರಗೆ ಏನು ಬರುತ್ತದೆ ನೋಡುವುದು. ಹೆಸರುಗಳಿಗೆ ನನ್ನ ಮದುವೆಗೆ ಕರೆದವರ ಪಟ್ಟಿ ಇತ್ತಲ್ಲ. ನಮ್ಮ ಸೋದರತ್ತೆಯರು, ಚಿಕ್ಕಪ್ಪಂದಿರ ಹೆಣ್ಣುಮಕ್ಕಳು ಎಲ್ಲರೂ ಒಬ್ಬೊಬ್ಬರಾಗಿ ಕಂಪ್ಯೂಟರಿನೊಳಗೆ ಹೋಗಿಬಂದರು.

ಅದೇ ವರ್ಷ ಊರಿನ ಹೊರಗೆ ಒಂದು ರೇಡಿಯೋ ಬಿಡಿಭಾಗದ ಕಾರ್ಖಾನೆಯವರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕರೆದರು. ಅರ್ಜಿಗಳು ನಮ್ಮ ಸೆಂಟರಿಗೆ ಬರಬೇಕು, ಪಟ್ಟಿ ನಾವು ಮಾಡಬೇಕು, ಇಂಟರ್‌ವ್ಯೂ ಕಾಗದ ನಾವೇ ಅಚ್ಚು ಹಾಕಿ ಅಂಚೆಗೆ ಕೊಡಬೇಕು. ಮೆಟ್ಟಿಲ ಮೇಲೆ ಸಾಲು. ಕಂಪ್ಯೂಟರಿಗೆ ಧೂಳು ಆಗದೆಂದು ಚಪ್ಪಲಿ ಕೆಳಗೇ ಬಿಟ್ಟು ಬರಬೇಕಿತ್ತು. ಇಳಿಯುವಾಗ ಚಪ್ಪಲಿಗೆ ದಿನಾ ಜಗಳ.

ನೀನು ಆ ಸಾಲಿನಲ್ಲಿ ಬಂದೆ. ಗುಬ್ಬಿಯಿಂದ ಟೈಪಿಂಗ್ ಕ್ಲಾಸಿಗೆ ತುಮಕೂರಿಗೆ ಬರುತ್ತಿದ್ದವಳು, ಅಕ್ಕನ ಅರ್ಜಿಯನ್ನೂ ತಂದಿದ್ದೆ. ನಾನು ಎರಡನ್ನೂ ತಿರುಗಿಸಿ ನೋಡಿದೆ. ಅದೇ ಹೆಸರು, ಅದೇ ಅಪ್ಪ, ಅದೇ ಊರು.

"ಏನಮ್ಮಾ, ಇಬ್ರೂ ಗಂಗಮ್ಮನೇನಾ?" ಅಂದೆ.

"ಊಂ ಮೇಡಂ. ನಮ್ಮಜ್ಜಿ ಹೆಸ್ರು. ಅಕ್ಕಂಗಿಟ್ರು. ನಾನ್ ಹುಟ್ಟೋ ಹೊತ್ಗೆ ಅಜ್ಜಿ ತೀರ್ಕೊಂಡ್ಳು, ಅವಳೇ ಬಂದವ್ಳೆ ಅಂತ ನಂಗೂ ಅದ್ನೇ ಇಟ್ರು. ಮನೇಲಿ ದೊಡ್ಡಗಂಗಿ ಚಿಕ್ಕಗಂಗಿ ಅಂತಾರೆ. ಇಸ್ಕೂಲಲ್ಲಿ ಮೇಷ್ಟ್ರು ದೊಡ್ಡದೂ ಬರೀಲಿಲ್ಲ ಚಿಕ್ಕದೂ ಬರೀಲಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲೂ ಹಾಗೆಯೇ — ನಾನು ಚಿಕ್ಕಕೆಂಪಮ್ಮ, ನಮ್ಮಕ್ಕ ದೊಡ್ಡಕೆಂಪಮ್ಮ, ಶಾಲೆಯ ದಾಖಲೆಯಲ್ಲಿ ಇಬ್ಬರೂ ಬರೀ ಕೆಂಪಮ್ಮ. ಅದನ್ನು ನಿನಗೆ ಹೇಳಿದೆ. ನೀನೂ ನಕ್ಕೆ. "ಅಕ್ಕಂಗೆ ವಯಸ್ಸು ಮೀರ್ತಾ ಅದೆ ಮೇಡಂ, ಈ ಸಲ ಬುಟ್ರೆ ಆಯ್ತು. ಅವಳ್ದು ವಸಿ ಮೇಲ್ಗಡೆ ಇಡಿ," ಅಂದೆ. ಮೇಲೆ ಇಟ್ಟರೆ ಮುಂದೆ ಬರುತ್ತದೆ ಎಂದು ನಿನ್ನ ಲೆಕ್ಕ. ನಾನು ನಿನ್ನ ಮಾತು ನಡೆಸಿಕೊಟ್ಟೆ. ಅಕ್ಕನದಕ್ಕೆ ಮೊದಲು ನಂಬರು ಬರೆದೆ, ನಾನ್ನೂರ ಹನ್ನೆರಡು. ನಿನ್ನದಕ್ಕೆ ಆಮೇಲೆ, ನಾನ್ನೂರ ಹದಿಮೂರು. ರಶೀದಿ ಕೊಡುವ ಪದ್ಧತಿ ಇರಲಿಲ್ಲ.

ಅದೇ ವಾರ ಪ್ರಸಾದ್ ಪ್ರೋಗ್ರಾಮು ಮುಗಿಸಿದ. ಹಿಂದಿನ ಸಲ ಒಬ್ಬೊಬ್ಬರು ಮೂರು ಮೂರು ಅರ್ಜಿ ತುರುಕಿದ್ದರು ಎಂದು ಕಾರ್ಖಾನೆಯವರ ದೂರು. ಅದಕ್ಕೆ ಅವನು ಒಂದು ಉಪಾಯ ಮಾಡಿದ್ದ. ಹೆಸರು, ಅಪ್ಪನ ಹೆಸರು, ಊರು — ಮೂರೂ ಒಂದೇ ಆದರೆ ಒಬ್ಬಳೇ ಎರಡು ಸಲ ಹಾಕಿದ್ದಾಳೆ ಅಂತ ಅರ್ಥ. ಹಿಂದಿನದನ್ನು ತೆಗೆದು ಕೊನೆಯದನ್ನು ಮಾತ್ರ ಇಟ್ಟುಕೊಳ್ಳುವುದು. ಹುಟ್ಟಿದ ತಾರೀಕು ಯಾಕೆ ನೋಡುವುದಿಲ್ಲ ಎಂದು ಕೇಳಿದ್ದೆ. "ನಿಮ್ಮ ಕಡೆ ತಾರೀಕು ಮೇಷ್ಟ್ರು ಬರೆದಿದ್ದಲ್ವಾ ಮೇಡಂ, ಒಂದೊಂದು ಅರ್ಜೀಲಿ ಒಂದೊಂದು ಹಾಕ್ತಾರೆ. ಅದನ್ನ ನಂಬಕ್ಕಾಗಲ್ಲ," ಅಂದ. ಅದೂ ನಿಜವೇ.

ಆ ಪ್ರೋಗ್ರಾಮಿನಲ್ಲಿ ನಾನು ಆಗಲೇ ಎರಡು ತಪ್ಪು ಹಿಡಿದಿದ್ದೆ. ಉದ್ದ ಹೆಸರುಗಳ ಬಾಲ ಕತ್ತರಿಸಿ ಹೋಗುತ್ತಿತ್ತು, ಅದೊಂದು. ವಯಸ್ಸಿನ ಲೆಕ್ಕ ಒಂದು ವರ್ಷ ಆಚೀಚೆ ಆಗುತ್ತಿತ್ತು, ಅದು ಇನ್ನೊಂದು. ಎರಡು ಸಲವೂ ಪ್ರಸಾದ್ ಮುಖ ಗಂಟಿಕ್ಕಿಕೊಂಡು ತಿದ್ದಿದ. ಎರಡನೆಯ ಸಲ ಜಯಣ್ಣನವರು ನನ್ನನ್ನು ಕರೆದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತೋ ಏನೋ.

"ಕೆಂಪಮ್ಮನೋರೆ, ಕೆಲ್ಸ ಮುಗ್ಸೋದು ಯಾವಾಗ? ಮಿಷನ್‌ಗಿಂತ ನಿಮ್ ಚೆಕಿಂಗೇ ಜಾಸ್ತಿ ಟೈಮ್ ತಗೋತಾ ಇದೆ. ಬೆಂಗ್ಳೂರಲ್ಲಿ ಈ ಕೆಲ್ಸಕ್ಕೆ ಅಂತ ಬೇರೆ ಆಳೇ ಇಟ್ಕೊಳಲ್ವಂತೆ, ಬರೆದೋನೇ ನೋಡ್ಕೋತಾನಂತೆ," ಅಂದರು.

ಅಷ್ಟೇ ಅಂದದ್ದು. ಒಂದು ಕೆಲಸ ಕಣ್ಣೆದುರೇ ಇಲ್ಲವಾದದ್ದನ್ನು ಕಂಡಿದ್ದವಳು ನಾನು. ಅಂದಿನಿಂದ ಅವರು ಕೆಮ್ಮಿದರೂ ನನ್ನನ್ನೇ ಕರೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಊಟದ ಡಬ್ಬಿ ತೆರೆದು ಹಾಗೇ ಮುಚ್ಚುತ್ತಿದ್ದೆ.

ಮೂರನೆಯ ಸಲ ಪರೀಕ್ಷೆಗೆ ಕೂತೆ. ನೀನು ಬಂದು ನಗಿಸಿಹೋಗಿ ಮೂರು ದಿನವಾಗಿತ್ತು. ಹಾಗಾಗಿ — ಇದನ್ನು ನೀನು ಸರಿಯಾಗಿ ತಿಳಿದುಕೊಳ್ಳಬೇಕು — ನಿನ್ನಿಂದಲೇ ನನಗೆ ಆ ಯೋಚನೆ ಹೊಳೆದದ್ದು. ಇಪ್ಪತ್ತು ಸುಳ್ಳು ಅರ್ಜಿಗಳಲ್ಲಿ ನನ್ನದನ್ನೂ ನಮ್ಮಕ್ಕನದನ್ನೂ ಸೇರಿಸಿದೆ. ಮೊದಲು ನಾನು, ಕೆಂಪಮ್ಮ. ಆಮೇಲೆ ಅವಳು, ಕೆಂಪಮ್ಮ. ಪ್ರಿಂಟರ್ ಕಿರ್ ಕಿರ್ ಎಂದು ಪಟ್ಟಿ ಹೊರಗೆ ಬಿಟ್ಟಿತು. ಬೆರಳಿಟ್ಟು ಎಣಿಸಿದೆ. ಹತ್ತೊಂಬತ್ತು.

ಮತ್ತೆ ಎಣಿಸಿದೆ. ಉಳಿದಿದ್ದ ಕೆಂಪಮ್ಮನ ಹುಟ್ಟಿದ ತಾರೀಕು ನೋಡಿದೆ. ನಮ್ಮಕ್ಕನದು. ನಾನು ಇರಲಿಲ್ಲ.

ಎದ್ದು ಹೇಳಬೇಕಿತ್ತು. ನಾಲ್ಕು ಹೆಜ್ಜೆ ದೂರದಲ್ಲಿ ಪ್ರಸಾದ್ ಕೂತಿದ್ದ, ತಲೆ ಎತ್ತದೆ, "ಏನು ಮೇಡಂ, ಇನ್ನೇನಾದ್ರೂ ಸಿಕ್ತಾ?" ಅಂದ. ಅವನ ದನಿಯಲ್ಲಿ — ಇಲ್ಲ, ತಪ್ಪನ್ನು ಅವನ ದನಿಯ ಮೇಲೆ ಹಾಕುವುದು ಬೇಡ. ನನ್ನ ಬಾಯಿ ನನ್ನದೇ ಆಗಿತ್ತು. "ಏನೂ ಇಲ್ಲ," ಅಂದೆ.

ಪರೀಕ್ಷೆ ಚೀಟಿಯಲ್ಲಿ ತುಂಬಬೇಕಾದ ಸಾಲುಗಳಿದ್ದವು. ಒಳಗೆ ಹಾಕಿದ್ದು: ಇಪ್ಪತ್ತು. ಹೊರಗೆ ಬಂದದ್ದು: ಹತ್ತೊಂಬತ್ತು. ಎರಡು ಸಲ ಬಂದ ಅರ್ಜಿ: ಒಂದು. ಹೀಗೆ ನಾನೂ ನಮ್ಮಕ್ಕನೂ ಒಬ್ಬಳೇ ಎಂದು ಬರೆದು, ಕೆಳಗೆ "ಪರಿಶೀಲಿಸಿದೆ, ಸರಿ ಇದೆ" ಅನ್ನುವಲ್ಲಿ ಸಹಿ ಹಾಕಿದೆ. ಕೆಂಪಮ್ಮ. ಇಲ್ಲದವಳ ಸಹಿ.

ಆ ಗಳಿಗೆಯಲ್ಲಿ ನೀವಿಬ್ಬರು ನೆನಪಿಗೆ ಬಂದಿರೋ ಇಲ್ಲವೋ ಎಂದು ನೀನು ಕೇಳಬಹುದು. ಬಂದಿರಿ. ನೀನು ಹೇಳಿದ್ದ ವಯಸ್ಸಿನ ಮಾತೂ ಬಂತು. ನಾನು ಮಾಡಿಕೊಂಡ ಸಮಾಧಾನ ಎಷ್ಟು ನಾಚಿಕೆಗೇಡಿನದೆಂದರೆ — ಇಬ್ಬರಿಗೂ ಮಾರ್ಕ್ಸು ಕಡಿಮೆ ಇದ್ದು ಇಬ್ಬರಿಗೂ ಕಾಗದ ಬರದೇ ಹೋಗಲಿ ಎಂದು ಬೇಡಿಕೊಂಡೆ. ಹಾಗಾದರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ.

ಮನೆಯಲ್ಲಿ ಗಂಜಿಗೆ ಗತಿಯಿಲ್ಲದೆ ಹೀಗೆ ಮಾಡಿದೆ ಎಂದು ಹೇಳುವಂತೆಯೂ ಇಲ್ಲ. ನನ್ನ ಗಂಡನಿಗೆ ಒಳ್ಳೆಯ ನೌಕರಿ ಇತ್ತು. ಕೆಲಸ ಹೋಗಿದ್ದರೆ ಮನೆಯಲ್ಲಿ ಇರುತ್ತಿದ್ದೆ, ಅಷ್ಟೆ. ನನಗೆ ಇದ್ದದ್ದು ಬೇರೆ ಭಯ — ಬೇಡವಾದವಳು ಅನ್ನಿಸಿಕೊಳ್ಳುವ ಭಯ. ಚೆಕಿಂಗ್ ಮೇಡಂ ಅನ್ನುವ ಆ ಎರಡು ಶಬ್ದ ಕೈತಪ್ಪುವ ಭಯ. ಅದನ್ನು ಉಳಿಸಿಕೊಳ್ಳುವುದಕ್ಕೆ ನಾನು ಚೆಕಿಂಗನ್ನೇ ಬಿಟ್ಟೆ.

ಕಾಗದಗಳು ಅಂಚೆಗೆ ಹೋದವು. ಮಾರನೆಯ ದಿನದಿಂದ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ತಲೆ ಎತ್ತಿ ನೋಡುತ್ತಿದ್ದೆ. ಹೆಂಗಸರ ಬಳೆಯ ಸದ್ದು ಬಂದರೆ ಕಡತ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಒಂದು ವಾರ ಕಳೆಯಿತು, ಯಾರೂ ಬರಲಿಲ್ಲ. ಹನ್ನೊಂದನೆಯ ದಿನ, ಊಟದ ಹೊತ್ತು ಮುಗಿದ ಮೇಲೆ, ನೀವಿಬ್ಬರೂ ಬಂದಿರಿ.

ನಿನ್ನ ಅಕ್ಕ ಮುಂದೆ ಇದ್ದಳು. ನಿನಗಿಂತ ಎತ್ತರ, ಬರಿಗಾಲು, ಕೈಯಲ್ಲಿ ಆ ಕಾಗದ. ಅದನ್ನು ಕೌಂಟರಿನ ಮೇಲೆ ಇಟ್ಟು ಸುಕ್ಕು ಸರಿಪಡಿಸಿದಳು.

"ಮೇಡಮ್ಮೋರೆ, ಒಂದೇ ಕಾಗ್ದ ಬಂದೈತೆ. ನಾವಿಬ್ರೂ ಗಂಗಮ್ಮನೇ. ಇದು ನಂದಾ, ಇವಳ್ದಾ?"

ಕಾಗದದ ಮೂಲೆಯಲ್ಲಿ ನಂಬರಿತ್ತು, ನಾನ್ನೂರ ಹದಿಮೂರು. ನೋಡುವ ಅಗತ್ಯವೇ ಇರಲಿಲ್ಲ, ಆದರೂ ರಿಜಿಸ್ಟರ್ ತೆಗೆದು ನೋಡುವ ಹಾಗೆ ಮಾಡಿದೆ. "ಇದು ಚಿಕ್ಕೋರದು," ಅಂದೆ.

"ಹಂಗಾರೆ ನಂದು?"

ನನ್ನ ಬೆನ್ನ ಹಿಂದೆ ಜಯಣ್ಣನವರ ಕುರ್ಚಿ ಕಿರುಗುಟ್ಟಿತು. ಅರ್ಜಿಗಳ ಕಟ್ಟು ಒಳಕೋಣೆಯಲ್ಲೇ ಇತ್ತು. ಹೋಗಿ ದಾರ ಬಿಚ್ಚಿ ನಾನ್ನೂರ ಹನ್ನೆರಡನ್ನು ತಂದು ಅವಳ ಮುಂದೆ ಇಡಲು ಎರಡು ನಿಮಿಷ ಸಾಕಿತ್ತು. ಇಂಟರ್‌ವ್ಯೂಗೆ ಇನ್ನೂ ನಾಲ್ಕು ದಿನ ಇತ್ತು. ಇನ್ನೊಂದು ಕಾಗದ ಅಚ್ಚು ಹಾಕಬಹುದಿತ್ತು. ಎಲ್ಲವೂ ಆಗುತ್ತಿತ್ತು, ಗಂಗಮ್ಮ — ನಾನು ಸಹಿ ಹಾಕಿದ ಚೀಟಿ ಹೊರಗೆ ಬರುತ್ತಿತ್ತು, ಅಷ್ಟೇ.

"ನಿಮ್ದು ಬಂದಿಲ್ಲ," ಅಂದೆ.

ಆಗ ನೀನು ಮುಂದೆ ಬಂದೆ. "ಮೇಡಂ, ನಾನ್ ಎರಡೂ ಕೊಟ್ನಲ್ಲ. ನಿಮ್ ಕೈಗೇ ಕೊಟ್ಟಿದ್ದೆ. ನಿಮ್ಗೆ ನೆನಪಿಲ್ವಾ? ನೀವು ನಗಾಡಿದ್ರಿ. ನಿಮ್ಮನೇಲೂ ಹಂಗೇ ಅಂದ್ರಿ."

ನಿನ್ನ ಮುಖದಲ್ಲಿ ಆಗ ಇನ್ನೂ ಗಾಬರಿ ಇರಲಿಲ್ಲ. ನಾನು ಹೌದು ಅನ್ನುತ್ತೇನೆಂದು ನಿನಗೆ ಖಂಡಿತ ಗೊತ್ತಿತ್ತು.

"ನೆನಪಿಲ್ಲಮ್ಮ. ದಿನಾ ಎಷ್ಟೋ ಜನ ಬರ್ತಾರೆ. ಅರ್ಜಿ ಕೊಟ್ಟಿದ್ರೆ ಮಿಷನ್ನಲ್ಲಿ ಇರ್ತಿತ್ತು. ಮಿಷನ್ ತಪ್ಪು ಮಾಡಲ್ಲ."

ಮಿಷನ್ ತಪ್ಪು ಮಾಡಲ್ಲ. ಅದು ಮಾಡುತ್ತದೆ ಎನ್ನುವ ಒಂದೇ ಕಾರಣಕ್ಕೆ ಸಂಬಳ ಪಡೆಯುತ್ತಿದ್ದವಳ ಬಾಯಲ್ಲಿ ಬಂದ ಮಾತು ಇದು.

ನಿನ್ನ ಅಕ್ಕ ನಿನ್ನ ಕಡೆ ತಿರುಗಿದಳು. ನೀನು ಅವಳ ಕೈ ಹಿಡಿದು, "ಅಜ್ಜಿ ಆಣೆಗೂ ಕೊಟ್ಟಿದ್ದೆ ಕಣಕ್ಕ," ಅಂದೆ. ಅವಳು ಕೈ ಬಿಡಿಸಿಕೊಂಡಳು. ಜೋರಾಗಿ ಏನೂ ಅಲ್ಲ, ಸೆರಗು ಸರಿಮಾಡಿಕೊಳ್ಳುವಷ್ಟು ನಿಧಾನವಾಗಿ. ಕಾಗದ ತೆಗೆದು ನಿನ್ನ ಕೈಗಿಟ್ಟಳು.

"ಬುಡು ಗಂಗಿ. ತಿಳೀತು," ಅಂದಳು.

ಅವಳು ಮೆಟ್ಟಿಲಿಳಿದು ಹೋದಳು. ನೀನು ಇನ್ನೂ ಒಂದು ಕ್ಷಣ ನಿಂತು ನನ್ನನ್ನೇ ನೋಡಿದೆ. ಆಮೇಲೆ ಅವಳ ಹಿಂದೆ ಓಡಿದೆ. ಜಯಣ್ಣನವರು, "ಹಿಂಗೇ ಕೆಂಪಮ್ಮನೋರೆ, ಅರ್ಜಿ ಕೊಡದೇನೇ ಬಂದು ಕೇಳ್ತಾರೆ," ಅಂದರು. ನಾನು ತಲೆಯಾಡಿಸಿದೆ. ಕೆಲಸ ಉಳಿಯಿತು.

ಆಮೇಲಿನದು ನಿನಗೆ ಗೊತ್ತಿರುವ ಕಥೆ, ನನಗೆ ಗೊತ್ತಿರುವುದು ಅದರಲ್ಲಿ ಸ್ವಲ್ಪ ಮಾತ್ರ. ನೀನು ಕಾರ್ಖಾನೆಗೆ ಸೇರಿದೆ. ಎರಡು ಮೂರು ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ, ಗುಬ್ಬಿ ಬಸ್ಸಿನ ಹತ್ತಿರ, ನಾವಿಬ್ಬರೂ ಎದುರಾದೆವು. ನಾನು ಮುಖ ತಿರುಗಿಸುವಷ್ಟರಲ್ಲಿ ನೀನೇ ಮಾತಾಡಿಸಿದೆ — ಸಿಟ್ಟಿಲ್ಲದೆ. ಮದುವೆಯಾಗಿದೆ ಎಂದು ಹೇಳಿದೆ. ಅಕ್ಕನನ್ನು ಕುಣಿಗಲ್ ಕಡೆ ಕೊಟ್ಟಿದ್ದಾರೆ ಎಂದು ಊರಿನ ಹೆಸರೂ ಹೇಳಿದೆ. "ನನ್ ಮದ್ವೆಗೂ ಬರ್ಲಿಲ್ಲ ಮೇಡಂ. ಅವಳ ಅರ್ಜಿ ನಾನೇ ಹರಿದು ಹಾಕ್ದೆ ಅಂತ ಅವಳ ಮನ್ಸಲ್ಲಿ ಕೂತ್ಬುಟ್ಟೈತೆ," ಅಂದೆ. ಆಮೇಲೆ, "ಒಂದೊಂದ್ಸಲ ನಂಗೇ ಅನುಮಾನ ಬತ್ತದೆ, ಎರಡೂ ಕೊಟ್ನೋ ಇಲ್ವೋ ಅಂತ," ಅಂದೆ.

ಆಗ ನನಗೆ ಯಾರ ಭಯವೂ ಇರಲಿಲ್ಲ. ಜಯಣ್ಣನವರ ಸೆಂಟರ್ ಬಿಟ್ಟು ಬೇರೆ ಕಡೆ ಸೇರಿದ್ದೆ. ಒಂದು ಮಾತು — ಕೊಟ್ಟಿದ್ದೆ ಕಣಮ್ಮ, ನೀನು ಕೊಟ್ಟಿದ್ದೆ. ಬಸ್ಸು ಹೊರಡುವ ಮುಂಚೆ ಹತ್ತು ಸಲ ಹೇಳಬಹುದಾಗಿದ್ದ ಮಾತು. ನಾನು ನಿನ್ನ ಬ್ಯಾಗು ಕಿಟಕಿಯಿಂದ ಎತ್ತಿ ಕೊಟ್ಟು, "ಹುಷಾರಾಗಿ ಹೋಗಮ್ಮ" ಅಂದೆ. ಸುಳ್ಳು ಸಹಿಗಾದರೂ ಒಂದು ಕಾರಣ ಹೇಳಬಹುದೇನೋ. ಬಸ್‌ಸ್ಟ್ಯಾಂಡಿನಲ್ಲಿ ಹೇಳದೆ ಹೋದದ್ದಕ್ಕೆ ನನ್ನಲ್ಲಿ ಯಾವ ಕಾರಣವೂ ಇಲ್ಲ.

ಇನ್ನೂ ಒಂದು ಹೇಳಿಬಿಡುತ್ತೇನೆ, ಇದೇ ಎಲ್ಲಕ್ಕಿಂತ ಕಷ್ಟ. ನಾನು ಈ ಕೆಲಸದಲ್ಲಿ ಮುಂದೆ ಬಂದೆ. ಬೇಡವಾಗುತ್ತದೆ ಎಂದುಕೊಂಡಿದ್ದ ಕೆಲಸ ವರ್ಷ ಕಳೆದಂತೆ ಬೇಕಾಯಿತು, ಹೊಸ ಹುಡುಗಿಯರಿಗೆ ಕಲಿಸು ಎಂದರು. ಅವರಿಗೆ ಮೊದಲ ದಿನ ನಾನು ಹೇಳುತ್ತಿದ್ದ ಪಾಠ ಒಂದೇ: ಪರೀಕ್ಷೆಯ ಹೆಸರುಗಳಲ್ಲಿ ಯಾವಾಗಲೂ ಒಂದೇ ಹೆಸರಿನ ಇಬ್ಬರು ಅಕ್ಕತಂಗಿಯರನ್ನು ಹಾಕಿ, ಇಪ್ಪತ್ತು ಒಳಗೆ ಹೋದರೆ ಇಪ್ಪತ್ತೂ ಹೊರಗೆ ಬರಬೇಕು. ಇದರಿಂದ ಎಷ್ಟೋ ತಪ್ಪುಗಳು ಸಿಕ್ಕವು. "ಇಬ್ಬರು ಕೆಂಪಮ್ಮ ಟೆಸ್ಟ್" ಎಂದೇ ಹೆಸರಾಯಿತು. ನಾನು ಕೆಲಸದಿಂದ ನಿವೃತ್ತಿಯಾದ ದಿನ ಅದನ್ನೇ ಹೇಳಿ ಚಪ್ಪಾಳೆ ಹೊಡೆದು ಶಾಲು ಹೊದಿಸಿದರು. ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದೀರಿ ಮೇಡಂ, ಎಲ್ಲಿ ಕಲಿತಿರಿ ಎಂದು ಒಬ್ಬಳು ಕೇಳಿದಳು. ಮನೆಯಲ್ಲೇ ಅಂದೆ. ಎಲ್ಲರೂ ನಕ್ಕರು. ಮಡಿಸಿಟ್ಟ ಆ ಶಾಲನ್ನು ಮತ್ತೆ ಬಿಚ್ಚಿ ನೋಡಿಲ್ಲ.

ಆ ಶಾಲಿನ ಕೆಳಗೆ, ಟ್ರಂಕಿನ ತಳದಲ್ಲಿ, ನಿನ್ನ ಅಕ್ಕನ ಅರ್ಜಿ ಇದೆ. ಕಟ್ಟುಗಳನ್ನು ಹಳೇ ಪೇಪರಿನವನಿಗೆ ಹಾಕುವ ದಿನ ಎಳೆದು ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆ ಎಂದು ಆಗ ಗೊತ್ತಿರಲಿಲ್ಲ. ಅಂಟಿಸಿದ ಫೋಟೋದಲ್ಲಿ ಅವಳು ನಗುತ್ತಿಲ್ಲ. ಮಡಿಕೆಯ ಜಾಗದಲ್ಲಿ ಹರಿಯುತ್ತಾ ಬಂದಿದೆ, ಆದರೆ ಮೂಲೆಯ ನಂಬರು ಚೆನ್ನಾಗಿ ಕಾಣುತ್ತದೆ.

ಈ ಕಾಗದವನ್ನು ನಿನಗೆ ಅಂಚೆಯಲ್ಲಿ ಕಳಿಸುತ್ತೇನೆ. ಆ ಅರ್ಜಿಯನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆಯ ಕುಣಿಗಲ್ ಬಸ್ಸಿಗೆ ಹೊರಡುತ್ತೇನೆ. ನಿನ್ನ ಅಕ್ಕನ ಊರು ನನ್ನ ತವರಿಗೆ ದೂರವಲ್ಲ, ಮನೆ ಯಾವುದೆಂದು ವಿಚಾರಿಸಿ ಇಟ್ಟುಕೊಂಡಿದ್ದೇನೆ. ಈಗಾಗಲೇ ಎರಡು ಸಲ ಚೀಲ ಬಿಚ್ಚಿ ಅರ್ಜಿ ಇದೆಯೇ ಎಂದು ನೋಡಿದೆ. ಅವಳು ಬೈಯಬಹುದು. ಬಾಗಿಲು ಹಾಕಿಕೊಳ್ಳಬಹುದು. ನೀನು ಯಾರು, ನನಗೆ ನೆನಪಿಲ್ಲ ಅನ್ನಬಹುದು. ಹಾಗಂದರೆ ಅರ್ಜಿಯನ್ನು ಹೊಸ್ತಿಲ ಮೇಲೆ ಇಟ್ಟು, ಬಾಗಿಲ ಆಚೆಯಿಂದಲೇ ಹೇಳಿ ಬರುತ್ತೇನೆ. ನನ್ನನ್ನು ಕ್ಷಮಿಸು ಎಂದು ನಿಮ್ಮಿಬ್ಬರಲ್ಲಿ ಯಾರನ್ನೂ ಕೇಳುವುದಿಲ್ಲ.

ಹೇಳಬೇಕಾದದ್ದನ್ನು ಇಲ್ಲೂ ಬರೆದಿಡುತ್ತೇನೆ, ನಿನಗೆ ಇನ್ನು ಮೇಲೆ ಆ ಅನುಮಾನ ಬರಬಾರದು. ಅಕ್ಕನದು ನಾನ್ನೂರ ಹನ್ನೆರಡು, ನಿನ್ನದು ನಾನ್ನೂರ ಹದಿಮೂರು. ಅಕ್ಕನದು ಮೇಲೆ ಇಡಿ ಎಂದು ನೀನೇ ಕೇಳಿದೆ. ನೀನು ಎರಡನ್ನೂ ಕೊಟ್ಟಿದ್ದೆ, ಗಂಗಮ್ಮ.